ಚಿಕ್ಕ ನೃತ್ಯಶಾಲೆಗೆ ವೆಬ್‌ಸೈಟ್ ಬೇಕು, ಯಾವುದನ್ನು ಆರಿಸಿಕೊಳ್ಳಲಿ?

ಹೆಜ್ಜೆನಾದ

ಎಲ್ಲರಿಗೂ ನಮಸ್ಕಾರ. ನಾನೊಂದು ಸಣ್ಣ ನೃತ್ಯಶಾಲೆ ನಡೆಸ್ತೀನಿ. ಕಲಿಸೋದು ನಾನು, ಜೊತೆಗೆ ಇನ್ನೊಬ್ಬ ಟೀಚರ್. ಮಕ್ಕಳಿಗೆ ಎರಡು ಹಂತದ ಬ್ಯಾಚು, ದೊಡ್ಡವರಿಗೆ ಸಂಜೆ ಬ್ಯಾಚು, ವಾರದ ಕೊನೆಗೆ ಒಂದು ಆನ್‌ಲೈನ್ ಕ್ಲಾಸು, ವರ್ಷಕ್ಕೊಂದು ಪ್ರದರ್ಶನ. ಇಲ್ಲಿವರೆಗೆ ಇನ್‌ಸ್ಟಾಗ್ರಾಮ್, ವಾಟ್ಸಾಪ್‌ನಲ್ಲೇ ಎಲ್ಲ ನಡೆದಿದೆ. ವಿಚಾರಿಸೋರೆಲ್ಲ ಕೇಳೋದು ಅದೇ ಪ್ರಶ್ನೆಗಳು: ಎಷ್ಟು ವಯಸ್ಸಿಂದ ಸೇರಿಸ್ಕೊಳ್ತೀರಿ, ಕ್ಲಾಸ್ ಎಷ್ಟು ಹೊತ್ತಿಗೆ, ಫೀಸ್ ಎಷ್ಟು, ಮಧ್ಯದಲ್ಲಿ ಸೇರಬಹುದಾ. ಉತ್ತರ ಬರೆಯೋದ್ರಲ್ಲೇ ಅಭ್ಯಾಸದ ಹೊತ್ತು ಹೋಗ್ತಿದೆ.

ಈಗ ಮೂರು ದಾರಿ ಕಾಣ್ತಿವೆ. ಒಬ್ಬ ಡಿಸೈನರ್ ಪೂರ್ತಿ ಹೊಸದಾಗಿ ಕಟ್ಟಿಕೊಡ್ತೀನಿ ಅಂದಿದ್ದಾರೆ: ಮುಖಪುಟದಲ್ಲಿ ಪರದೆ ತುಂಬ ವಿಡಿಯೊ, ಸ್ಕ್ರೋಲ್ ಮಾಡಿದ ಹಾಗೆ ತೇಲಿ ಬರೋ ಚಿತ್ರಗಳು. ಗೆಳತಿ, ಕೋಡ್ ಬರೆಯದೆ ಸೈಟು ಕಟ್ಟೋಕೆ ವಿಕ್ಸ್, ಸ್ಕ್ವೇರ್‌ಸ್ಪೇಸ್ ಅನ್ನೋ ಸೇವೆಗಳಿವೆ, ಅದರಲ್ಲಿ ನೀನೇ ಮಾಡ್ಕೋ ಅಂತಾಳೆ. ವಿದ್ಯಾರ್ಥಿನಿಯೊಬ್ಬಳ ಅಣ್ಣ ವರ್ಡ್‌ಪ್ರೆಸ್ ಬಿಟ್ಟು ಬೇರೇನೂ ನೋಡ್ಬೇಡಿ ಅಂತಿದ್ದಾರೆ. ನೋಡಿದವರಿಗೆ ಅಚ್ಚುಕಟ್ಟಾಗಿ ಕಾಣಬೇಕು, ನನಗೆ ಹೊರೆ ಆಗಬಾರದು. ತಿಳಿದೋರು ದಾರಿ ತೋರಿಸಿ.

ತಂತಿಜಾಲ

ವೆಬ್‌ಸೈಟ್ ಕಟ್ಟುವುದೇ ನನ್ನ ಕೆಲಸ. ಸಂಗೀತ, ನೃತ್ಯ ಕಲಿಸುವವರಿಗೂ ಕಟ್ಟಿಕೊಟ್ಟಿದ್ದೇನೆ. ಮೇಡಂ, ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಬ್ಯಾಚಿನ ಸಮಯ ಬದಲಾದ ದಿನ ಸೈಟಿನಲ್ಲಿ ಅದನ್ನು ತಿದ್ದುವವರು ಯಾರು? ನೀವೇ ಆದರೆ, ನೀವು ಫೋನಿನಿಂದಲೋ ಲ್ಯಾಪ್‌ಟಾಪಿನಿಂದಲೋ ಯಾರ ಸಹಾಯವೂ ಇಲ್ಲದೆ ತಿದ್ದಬಲ್ಲ ಸೈಟೇ ನಿಮಗೆ ಸರಿಯಾದ ಸೈಟು. ನೃತ್ಯಶಾಲೆಯ ಸೈಟು ಹಾಳಾಗುವುದು ವಿನ್ಯಾಸ ಹಳೆಯದಾಗಿ ಅಲ್ಲ. ಕಳೆದ ವರ್ಷದ ವೇಳಾಪಟ್ಟಿ ಹಾಗೇ ಉಳಿದು, ಅದನ್ನು ನಂಬಿ ಬಂದವರು ಮುಚ್ಚಿದ ಬಾಗಿಲು ನೋಡಿ ವಾಪಸ್ಸು ಹೋಗುವುದರಿಂದ ಹಾಳಾಗುತ್ತದೆ.

ಈಗ ಮೂರು ದಾರಿಗಳ ಬಗ್ಗೆ.

ವಿಕ್ಸ್, ಸ್ಕ್ವೇರ್‌ಸ್ಪೇಸ್ ಎರಡರಲ್ಲೂ ಹೋಸ್ಟಿಂಗ್ (ಸೈಟನ್ನು ಜಾಲದಲ್ಲಿ ಇಡುವ ಜಾಗ), ಭದ್ರತೆ, ಅಪ್‌ಡೇಟ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನೀವು ಪುಟ ತೆರೆದು ಅಕ್ಷರ ತಿದ್ದಿದರೆ ಮುಗಿಯಿತು. ಇದಕ್ಕೆ ತೆರುವುದು ಸ್ವಾತಂತ್ರ್ಯದ ರೂಪದಲ್ಲಿ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಬೇರೆ ಹೋಸ್ಟಿಂಗ್‌ಗೆ ಎತ್ತಿಕೊಂಡು ಹೋಗಲು ಬರುವುದಿಲ್ಲ. ಒಂದು ಟೆಂಪ್ಲೇಟಿನಲ್ಲಿ, ಅಂದರೆ ಸಿದ್ಧ ವಿನ್ಯಾಸದಲ್ಲಿ, ಕಟ್ಟಿದ ಮೇಲೆ ಬೇರೆ ಟೆಂಪ್ಲೇಟ್ ಬೇಕೆನಿಸಿದರೆ ಹೊಸ ಸೈಟಾಗಿಯೇ ಶುರು ಮಾಡಬೇಕು. ಆದ್ದರಿಂದ ಮೊದಲ ಆಯ್ಕೆಗೆ ಸಮಯ ಕೊಡಿ. ಸ್ಕ್ವೇರ್‌ಸ್ಪೇಸ್ ಸ್ವಲ್ಪ ಉದಾರಿ, ಪುಟಗಳನ್ನೂ ಬ್ಲಾಗ್ ಬರಹಗಳನ್ನೂ ವರ್ಡ್‌ಪ್ರೆಸ್ ಓದಬಲ್ಲ ಕಡತವಾಗಿ ಇಳಿಸಿಕೊಳ್ಳಲು ಬಿಡುತ್ತದೆ. ಆದರೂ ವಿನ್ಯಾಸ ನಿಮ್ಮ ಜೊತೆ ಬರುವುದಿಲ್ಲ.

ವರ್ಡ್‌ಪ್ರೆಸ್ 2003ರಿಂದ ಇರುವ ಮುಕ್ತ ತಂತ್ರಾಂಶ. ಇಲ್ಲಿ ಹೊಸಬರಿಗೆ ಗೊಂದಲ ಆಗುವ ವಿಷಯ ಒಂದಿದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎನ್ನುವುದು ಒಂದು ಕಂಪನಿ ನಡೆಸುವ ಸೇವೆ, ವಿಕ್ಸ್ ಹಾಗೆಯೇ ಖಾತೆ ತೆರೆದು ಬಳಸುವುದು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹೋಸ್ಟಿಂಗ್ ನೀವೇ ಕೊಂಡು ಅದರಲ್ಲಿ ಹಾಕಿಕೊಳ್ಳಬೇಕು. ಜನ "ವರ್ಡ್‌ಪ್ರೆಸ್ ಮಾಡಿ" ಎಂದಾಗ ಹೆಚ್ಚಾಗಿ ಎರಡನೆಯದನ್ನೇ ಹೇಳುತ್ತಾರೆ. ಅದರಲ್ಲಿ ಎಲ್ಲವೂ ನಿಮ್ಮದೇ, ಯಾವಾಗ ಬೇಕಾದರೂ ಗಂಟುಮೂಟೆ ಕಟ್ಟಿಕೊಂಡು ಹೊರಡಬಹುದು. ಆದರೆ ಥೀಮು (ಸೈಟಿನ ರೂಪ), ಪ್ಲಗಿನ್ನುಗಳನ್ನು (ಹೆಚ್ಚುವರಿ ಸೌಲಭ್ಯ ಕೊಡುವ ಸಣ್ಣ ತಂತ್ರಾಂಶ) ಅಪ್‌ಡೇಟ್ ಮಾಡುತ್ತಲೇ ಇರಬೇಕು. ಹಳೆಯ ಪ್ಲಗಿನ್ನಿನ ದೋಷದ ಮೂಲಕವೇ ಸೈಟುಗಳಿಗೆ ಕನ್ನ ಬೀಳುವುದು ಜಾಸ್ತಿ. ಬ್ಯಾಕಪ್ ಜವಾಬ್ದಾರಿಯೂ ನಿಮ್ಮದೇ.

ನೀವು ಬರೆದಿರುವುದನ್ನು ನೋಡಿದರೆ, ಇಬ್ಬರೇ ಇರುವ ಶಾಲೆ, ತಾಂತ್ರಿಕ ಕೆಲಸಕ್ಕೆ ಯಾರೂ ಇಲ್ಲ. ಸ್ಕ್ವೇರ್‌ಸ್ಪೇಸ್ ಅಥವಾ ವಿಕ್ಸ್ ಎಂದೇ ನಾನು ಹೇಳುತ್ತೇನೆ.

ಗೆರೆಚುಕ್ಕಿ

ತಂತಿಜಾಲ ಅವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ವರ್ಡ್‌ಪ್ರೆಸ್ ಅಷ್ಟು ಭಯಪಡಬೇಕಾದ್ದೇನಲ್ಲ. ಅಪ್‌ಡೇಟ್, ಬ್ಯಾಕಪ್ ಎರಡನ್ನೂ ತಾನೇ ಮಾಡುವ ಹೋಸ್ಟಿಂಗ್ ಯೋಜನೆಗಳಿವೆ. ಪ್ಲಗಿನ್ ಕಡಿಮೆ ಇಟ್ಟರೆ ತೊಂದರೆಯೂ ಕಡಿಮೆ. ಇವತ್ತು ಕೆಲವೇ ಬ್ಯಾಚ್ ಇರೋರು ಮುಂದೆ ಹತ್ತು ಬ್ಯಾಚ್ ಮಾಡಬಹುದು, ಆಗ ಮತ್ತೆ ಮೊದಲಿಂದ ಕಟ್ಟೋದು ಯಾಕೆ?

ತಂತಿಜಾಲ

ಅಂಥ ಹೋಸ್ಟಿಂಗ್ ಇದೆ, ಒಪ್ಪುತ್ತೇನೆ. ಶಾಲೆಯಲ್ಲೇ ಒಬ್ಬರಿಗೆ ಇದರಲ್ಲಿ ಆಸಕ್ತಿ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಪುಟಗಳು ಏಳೆಂಟೇ ಇರುವ ಸೈಟನ್ನು ಮುಂದೆ ಮತ್ತೆ ಕಟ್ಟುವುದು ದೊಡ್ಡ ಕೆಲಸವಲ್ಲ. ಡೊಮೈನ್ ಹೆಸರು (ಸೈಟಿನ ವಿಳಾಸ), ಬರಹ, ಮೂಲ ಫೋಟೊ, ವಿದ್ಯಾರ್ಥಿಗಳ ಪಟ್ಟಿ, ಈ ನಾಲ್ಕು ಕೈಯಲ್ಲಿದ್ದರೆ ಸಾಕು. ಉಳಿದದ್ದನ್ನು ಯಾವಾಗ ಬೇಕಾದರೂ ಬದಲಾಯಿಸಿಕೊಳ್ಳಬಹುದು.

ರಂಗದಾಚೆ

ಡೊಮೈನ್ ವಿಷಯ ಬಂತಲ್ಲ, ನಮ್ಮ ಶಾಲೆಗೆ ಆದದ್ದನ್ನು ಹೇಳಲೇಬೇಕು. ಸೈಟು ಕಟ್ಟಿಕೊಟ್ಟ ವ್ಯಕ್ತಿ ಡೊಮೈನನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲ್‌ನಲ್ಲಿ ನೋಂದಾಯಿಸಿದ್ದರು. ನಮಗೆ ಹೇಳಿಯೂ ಇರಲಿಲ್ಲ. ಅವರು ಈ ಕೆಲಸವನ್ನೇ ಬಿಟ್ಟರು, ಫೋನಿಗೆ ಸಿಗಲಿಲ್ಲ, ನವೀಕರಣದ ನೋಟಿಸು ಅವರ ಇಮೇಲ್‌ಗೇ ಹೋಯಿತು. ಕರಪತ್ರ, ಬ್ಯಾನರು, ಮಕ್ಕಳ ಟಿ-ಶರ್ಟು, ಎಲ್ಲದರ ಮೇಲೂ ಅಚ್ಚಾಗಿದ್ದ ವಿಳಾಸ ಹೋಯಿತು. ಆ ಹೆಸರಿಗೆ ಜನ ಹೊಂದಿಕೊಂಡಿದ್ದರು, ಅದಕ್ಕೇ ಇವತ್ತಿಗೂ ನೋವಾಗುತ್ತದೆ.

ಹಾಗಾಗಿ ಹೆಜ್ಜೆನಾದ ಅವರೇ, ಯಾರಿಂದ ಕಟ್ಟಿಸಿದರೂ ಡೊಮೈನನ್ನು ನೀವೇ, ನಿಮ್ಮ ಹೆಸರಲ್ಲಿ, ನಿಮ್ಮ ಕಾರ್ಡಿನಿಂದ ಕೊಳ್ಳಿ. ಸೈಟ್ ಕಟ್ಟುವ ಸೇವೆಯವರು ಮೊದಲ ವರ್ಷ ಡೊಮೈನ್ ಉಚಿತ ಎನ್ನುತ್ತಾರೆ. ತೆಗೆದುಕೊಳ್ಳಬಹುದು, ಆದರೆ ಎರಡನೇ ವರ್ಷದ ದರ ನೋಡಿ ತೆಗೆದುಕೊಳ್ಳಿ. ಹೊಸದಾಗಿ ನೋಂದಾಯಿಸಿದ ಹೆಸರನ್ನು ಮೊದಲ 60 ದಿನ ಸಾಮಾನ್ಯವಾಗಿ ಬೇರೆ ರಿಜಿಸ್ಟ್ರಾರ್‌ಗೆ (ಡೊಮೈನ್ ನೋಂದಾಯಿಸುವ ಕಂಪನಿಗೆ) ವರ್ಗಾಯಿಸಲು ಬಿಡುವುದಿಲ್ಲ, ಆಮೇಲೆ ವರ್ಗಾವಣೆ ಸಂಕೇತ ಕೇಳಿ ಪಡೆದು ಸಾಗಿಸಬಹುದು. ತಾನಾಗಿ ನವೀಕರಣವಾಗುವಂತೆ ಆಟೋ ರಿನ್ಯೂ ಹಾಕಿಡಿ. ಡಾಟ್ ಕಾಮ್‌ನಂಥ ಹೆಸರು ಅವಧಿ ಮುಗಿದು ಅಳಿಸಿಹೋದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಆದರೆ ಅದರ ಶುಲ್ಕ ನವೀಕರಣಕ್ಕಿಂತ ಎಷ್ಟೋ ಹೆಚ್ಚು. ಅದೂ ದಾಟಿದರೆ ಹೆಸರು ಯಾರ ಪಾಲಿಗಾದರೂ ಹೋಗಬಹುದು. ಡಾಟ್ ಡ್ಯಾನ್ಸ್ ಎಂಬ ವಿಸ್ತರಣೆಯೂ ಇದೆ, ಚೆನ್ನಾಗಿ ಕಾಣುತ್ತದೆ. ಬಾಯಲ್ಲಿ ಹೇಳಿದಾಗ ಜನ ಅದರ ಮುಂದೆ ಡಾಟ್ ಕಾಮ್ ಸೇರಿಸಿಯೇ ಬರೆದುಕೊಳ್ಳುತ್ತಾರೆ ಅನ್ನುವುದು ನೆನಪಿರಲಿ.

ಪುಟ್ಟಿಯಅಮ್ಮ

ನಾನು ಕಲಿಸೋಳಲ್ಲ, ಮಗಳಿಗೆ ಕ್ಲಾಸ್ ಹುಡುಕಿದ ತಾಯಿ. ನಾವು ಏನು ನೋಡ್ತೀವಿ ಅಂತ ಹೇಳಿದ್ರೆ ನಿಮಗೆ ಉಪಯೋಗ ಆಗಬಹುದು.

ರಾತ್ರಿ ಕೆಲಸ ಎಲ್ಲ ಮುಗಿದ ಮೇಲೆ ಫೋನಲ್ಲಿ ನೋಡ್ತೀವಿ. ನಮ್ಮ ಮಗುವಿನ ವಯಸ್ಸಿಗೆ ಬ್ಯಾಚ್ ಇದೆಯಾ, ಯಾವ ವಾರ, ಎಷ್ಟು ಗಂಟೆಗೆ, ಜಾಗ ಎಲ್ಲಿ. ಇಷ್ಟು ಒಂದೇ ಪುಟದಲ್ಲಿ ಸಿಕ್ಕಿದ್ರೆ ಆಮೇಲೆ ಟೀಚರ್ ಯಾರು, ಯಾರ ಹತ್ರ ಕಲಿತೋರು, ಎಷ್ಟು ವರ್ಷದಿಂದ ಕಲಿಸ್ತಿದ್ದಾರೆ ಅಂತ ಓದ್ತೀವಿ. ಸಿಗದಿದ್ರೆ ಮುಂದಿನ ಸೈಟಿಗೆ ಹೋಗ್ತೀವಿ. ಫೀಸ್ ಜಾಗದಲ್ಲಿ "ಸಂಪರ್ಕಿಸಿ" ಅಂತಷ್ಟೇ ಇದ್ರೆ ಫೋನ್ ಮಾಡೋಕೆ ಹಿಂಜರಿಕೆ ಆಗುತ್ತೆ, ನಮ್ಮ ಕೈಗೆ ಎಟುಕುತ್ತೋ ಇಲ್ವೋ ಅಂತ.

ಇನ್ನೊಂದು ಮಾತು. ಮೊದಲ ದಿನ ಏನಾಗುತ್ತೆ ಅಂತ ಯಾರೂ ಬರೆಯಲ್ಲ. ಏನು ಹಾಕ್ಕೊಂಡು ಬರಬೇಕು, ಕೂದಲು ಕಟ್ಟಬೇಕಾ, ಅಪ್ಪ ಅಮ್ಮ ಒಳಗೆ ಕೂರಬಹುದಾ, ಎಷ್ಟು ಹೊತ್ತು ಬಿಟ್ಟು ಹೋಗಬೇಕು. ಸಣ್ಣ ಮಗು ಕಳಿಸೋರಿಗೆ ಇದೇ ದೊಡ್ಡ ಚಿಂತೆ. ನಾವು ಕೊನೆಗೆ ಸೇರಿಸಿದ ಶಾಲೆಯ ಸೈಟು ನೋಡೋಕೆ ತುಂಬ ಸರಳ. ಆದ್ರೆ ಇದೆಲ್ಲ ಬರೆದಿದ್ರು. ಓದಿದಾಗಲೇ ಇವರು ಮಕ್ಕಳನ್ನ ಬಲ್ಲೋರು ಅನ್ನಿಸ್ತು.

ವೇಳಾಪಟ್ಟಿಯನ್ನ ಪೋಸ್ಟರ್ ಥರ ಚಿತ್ರ ಮಾಡಿ ಹಾಕ್ಬೇಡಿ, ದಯವಿಟ್ಟು. ಫೋನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತೆ.

ತಂತಿಜಾಲ

ಪುಟ್ಟಿಯಅಮ್ಮ ಅವರ ಬರಹವನ್ನು ನನ್ನ ಗ್ರಾಹಕರೆಲ್ಲರಿಗೂ ಕಳಿಸಬೇಕು ಅನ್ನಿಸಿತು. ಚಿತ್ರದೊಳಗಿನ ಅಕ್ಷರವನ್ನು, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಕೂಡ ಸರಿಯಾಗಿ ಓದುವುದಿಲ್ಲ. ಪಿಡಿಎಫ್ ಹಾಕಿದರೂ ಫೋನಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಓದುವ ಪಾಡು ತಪ್ಪದು. ಸಾದಾ ಅಕ್ಷರದಲ್ಲಿ, ದಿನಕ್ಕೊಂದು ಗುಂಪಾಗಿ ಬರೆದರೆ ಸಾಕು. ನೃತ್ಯದ ಸೈಟುಗಳಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಮಂಕು ಚಿನ್ನದ ಬಣ್ಣದ ಸಣ್ಣ ಅಕ್ಷರ ಬಹಳ ಕಾಣುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಎನ್ನುತ್ತದೆ, ಸೈಟುಗಳನ್ನು ಎಲ್ಲರೂ ಬಳಸುವಂತಾಗಲಿ ಎಂದು ಮಾಡಿರುವ ಡಬ್ಲ್ಯುಸಿಎಜಿ ಎಂಬ ಮಾನದಂಡ. ಅದನ್ನು ಅಳೆದು ಹೇಳುವ ಉಚಿತ ಸಾಧನಗಳು ಜಾಲದಲ್ಲೇ ಇವೆ.

ಮೌನರಾಗ

ಅಷ್ಟೆಲ್ಲ ಯಾಕೆ? ನಮ್ಮದು ಇನ್‌ಸ್ಟಾಗ್ರಾಮ್ ಒಂದರಲ್ಲೇ ನಡೀತಿದೆ, ಬ್ಯಾಚು ತುಂಬ್ತಿದೆ. ಗೂಗಲ್ ಮ್ಯಾಪ್‌ನಲ್ಲೂ ಹೆಸರಿದೆ. ಸೈಟ್ ಇಲ್ಲದಿದ್ರೆ ಏನು ಕಳ್ಕೊಳ್ತೀವಿ ಅಂತ ನಿಜವಾಗ್ಲೂ ತಿಳ್ಕೋಬೇಕು.

ರಂಗದಾಚೆ

ಕೇಳಬೇಕಾದ ಪ್ರಶ್ನೆಯೇ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತವು. ಅಂಥ ದಿನ ಕ್ಲಾಸ್ ಇದೆಯೋ ಇಲ್ಲವೋ ಅಂತ ಹೇಳಲು ಇನ್ನೊಂದು ಜಾಗ ಬೇಕು. ಅದಕ್ಕಿಂತ ದೊಡ್ಡದು ಇದು: ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ ನಿಮ್ಮ ಹೆಸರು, ವಿವರ ತೋರಿಸುವ ಖಾತೆ) ಜೊತೆ ಉಚಿತವಾಗಿ ಕೊಡುತ್ತಿದ್ದ ಪುಟ್ಟ ವೆಬ್‌ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಪ್ರೊಫೈಲ್ ಉಳಿಯಿತು, ಸೈಟ್ ಹೋಯಿತು. ಬೇರೆಯವರ ಜಾಗದಲ್ಲಿ ಇರುವವರೆಗೆ ನಿಯಮವೂ ಅವರದೇ.

ಹಾಗಂತ ಇನ್‌ಸ್ಟಾಗ್ರಾಮ್ ಬಿಡಿ ಎನ್ನುತ್ತಿಲ್ಲ. ಜನ ನಿಮ್ಮ ನೃತ್ಯ ನೋಡಿ ಮೆಚ್ಚುವುದು ಅಲ್ಲಿ. ಸೇರುವ ನಿರ್ಧಾರ ಮಾಡಲು ಬೇಕಾದ ವಿವರ ಒಂದು ಕಡೆ ನಿಂತು ಸಿಗಬೇಕು, ರೀಲ್ಸ್ ಕೆಳಗೆ ಹುಡುಕುವಂತೆ ಆಗಬಾರದು. ಮ್ಯಾಪ್‌ನ ಪ್ರೊಫೈಲಂತೂ ಎಲ್ಲರೂ ಮಾಡಲೇಬೇಕು. ಹೆಸರು, ವಿಳಾಸ, ಫೋನು ಅಲ್ಲೂ ಸೈಟಿನಲ್ಲೂ ಅಕ್ಷರಶಃ ಒಂದೇ ಇರಲಿ.

ನೆರಳುಬೆಳಕು

ನಾನು ರಂಗದ ಫೋಟೊ, ವಿಡಿಯೊ ತೆಗೆಯುವವನು. ಆ ಡಿಸೈನರ್ ಹೇಳಿದ ಪರದೆ ತುಂಬುವ ವಿಡಿಯೊ ಬಗ್ಗೆ ಬರೆಯದೆ ಇರಲಾರೆ.

ಮುಖ್ಯ ಚಿತ್ರವೋ ಅಕ್ಷರವೋ ಪುಟ ತೆರೆದ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಹಿನ್ನೆಲೆ ವಿಡಿಯೊ ಇಟ್ಟಾಗ ಫೋನಿನ ದುರ್ಬಲ ಸಿಗ್ನಲ್‌ನಲ್ಲಿ ಅದನ್ನು ಮುಟ್ಟುವುದು ಕಷ್ಟ. ಮೇಲಾಗಿ ಶಬ್ದದೊಂದಿಗೆ ತಾನಾಗಿ ಓಡುವ ವಿಡಿಯೊವನ್ನು ಬ್ರೌಸರುಗಳು ತಡೆಯುತ್ತವೆ, ಕ್ರೋಮ್‌ನಲ್ಲಿ ಇದು 2018ರಿಂದ ಇದೆ. ಅಂದರೆ ಮೊದಲು ಕಾಣುವುದು ತಾಳವೇ ಕೇಳಿಸದ ಕುಣಿತ. ನೃತ್ಯದವರಿಗೆ ಅದು ಎಷ್ಟು ಅನ್ಯಾಯ ಅಂತ ನಿಮಗೇ ಗೊತ್ತು. ಮುಖಪುಟದಲ್ಲಿ ಒಂದೇ ಒಂದು ಒಳ್ಳೆಯ ಫೋಟೊ ಇಡಿ. ವಿಡಿಯೊವನ್ನು ಯೂಟ್ಯೂಬ್ ಅಥವಾ ವಿಮಿಯೊಗೆ ಏರಿಸಿ, ಅಲ್ಲಿಂದ ಪುಟದಲ್ಲಿ ಕೂರಿಸಿ. ನೋಡಬೇಕೆಂದವರು ಒತ್ತಿ, ಸಂಗೀತದ ಜೊತೆ ಪೂರ್ತಿ ನೋಡಲಿ.

ಫೋಟೊ ಆರಿಸುವಾಗ ಒಂದು ಎಚ್ಚರ. ಸೈಟುಗಳ ಬ್ಯಾನರ್ ಜಾಗ ಲ್ಯಾಪ್‌ಟಾಪಿನಲ್ಲಿ ಅಡ್ಡ ಉದ್ದ, ಫೋನಿನಲ್ಲಿ ನೆಟ್ಟಗೆ ಉದ್ದ. ಟೆಂಪ್ಲೇಟು ತನಗೆ ತೋಚಿದಂತೆ ಕತ್ತರಿಸುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಪಾದ ಹೋಗುತ್ತದೆ, ನೆಟ್ಟಗೆ ಕತ್ತರಿಸಿದರೆ ಚಾಚಿದ ಕೈ ಹೋಗುತ್ತದೆ. ಪಾದ ಕತ್ತರಿಸಿದ ನೃತ್ಯದ ಫೋಟೊ ನೋಡಿದ ಕೂಡಲೇ, ಕಲೆ ಬಲ್ಲವರು ಇದನ್ನು ಹಾಕಿದವರಿಗೆ ನೃತ್ಯ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಆದ್ದರಿಂದ ನರ್ತಕಿಯ ಸುತ್ತ ಧಾರಾಳವಾಗಿ ಖಾಲಿ ಜಾಗ ಬಿಟ್ಟ ಫೋಟೊ ತೆಗೆಸಿ. ಚಿತ್ರದ ಯಾವ ಭಾಗ ಉಳಿಯಬೇಕು ಅಂತ ಗುರುತು ಹಾಕುವ ಸೌಲಭ್ಯ ಸ್ಕ್ವೇರ್‌ಸ್ಪೇಸ್‌ನಲ್ಲೂ ವಿಕ್ಸ್‌ನಲ್ಲೂ ಇದೆ, ಬಳಸಿಕೊಳ್ಳಿ. ಟೆಂಪ್ಲೇಟ್ ಆರಿಸುವಾಗ ಅದರ ಜೊತೆ ಬಂದ ಚಂದದ ಫೋಟೊಗಳಿಗೆ ಮನಸೋಲಬೇಡಿ. ನಿಮ್ಮ ಫೋಟೊ ಹಾಕಿ, ಫೋನಿನಲ್ಲಿ ತೆರೆದು ನೋಡಿ, ಆಮೇಲೆ ತೀರ್ಮಾನಿಸಿ.

ಕ್ಯಾಮೆರಾದಿಂದ ಬಂದ ಕಡತವನ್ನು ಹಾಗೇ ಏರಿಸಬೇಡಿ. 12 ಮೆಗಾಪಿಕ್ಸೆಲ್ ಚಿತ್ರ ಅಂದರೆ ಸುಮಾರು 4000 ಪಿಕ್ಸೆಲ್ ಅಗಲ, ಹಲವು ಎಂಬಿ ತೂಕ. 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣದು.

ಕೊನೆಯದಾಗಿ ಸಂಗೀತದ ಹಕ್ಕು. ಇನ್‌ಸ್ಟಾಗ್ರಾಮ್ ತನ್ನ ಸಂಗ್ರಹದಿಂದ ಕೊಡುವ ಹಾಡನ್ನು ಅಲ್ಲೇ ಬಳಸಲು ಅನುಮತಿ. ಅದೇ ವಿಡಿಯೊವನ್ನು ಇಳಿಸಿ ನಿಮ್ಮ ಸೈಟಿಗೆ ಹಾಕಿದರೆ ಆ ಅನುಮತಿ ಹಿಂದೆ ಬರುವುದಿಲ್ಲ. ಲೈವ್ ಸಂಗೀತದ ಪ್ರದರ್ಶನವಾದರೆ ಹಾಡಿದವರು, ನುಡಿಸಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಅವರ ಹೆಸರನ್ನೂ ಹಾಕಿ. ಫೋಟೊ ತೆಗೆದವರ ಹೆಸರೂ ಇರಲಿ.

ಹೆಜ್ಜೆನಾದ

ಎಲ್ಲರಿಗೂ ತುಂಬ ಧನ್ಯವಾದ. ಪಾದದ ವಿಷಯ ಓದಿ ನಮ್ಮ ಫೋಟೊಗಳನ್ನೆಲ್ಲ ತೆಗೆದು ನೋಡಿದೆ, ಎರಡು ಮಾತ್ರ ಆ ಕೆಲಸಕ್ಕೆ ಬರೋ ಹಾಗಿವೆ. ಮುಂದಿನ ಅಭ್ಯಾಸದ ದಿನ ಹೊಸದಾಗಿ ತೆಗೆಸ್ತೀನಿ.

ಮಕ್ಕಳ ಫೋಟೊ ಹಾಕಬಹುದಾ? ಮತ್ತೆ ನೋಂದಣಿ, ಫೀಸ್ ಎಲ್ಲ ಸೈಟಿನಲ್ಲೇ ಆಗೋ ಹಾಗೆ ಮಾಡಬೇಕಾ?

ಪುಟ್ಟಿಯಅಮ್ಮ

ಫೋಟೊ ಬಗ್ಗೆ ತಾಯಿಯಾಗಿ ಹೇಳ್ತೀನಿ. ಸೇರಿಸೋ ಫಾರಂನಲ್ಲೇ ಬೇರೆ ಸಾಲಾಗಿ ಕೇಳಿ: ಸೈಟಿಗೆ ಒಪ್ಪಿಗೆ ಇದೆಯಾ, ಸೋಷಿಯಲ್ ಮೀಡಿಯಾಗೆ ಇದೆಯಾ, ಎರಡನ್ನೂ ಬಿಡಿಬಿಡಿಯಾಗಿ. ಬೇಡ ಅಂದೋರ ಮಗುವನ್ನ ಹಿಂದಿನ ಸಾಲಿಗೆ ತಳ್ಳಬೇಡಿ. ಫೋಟೊ ಕೆಳಗೆ ಮಗುವಿನ ಹೆಸರು, ಓದೋ ಶಾಲೆ, ಯಾವ ದಿನದ ಬ್ಯಾಚ್ ಅಂತ ಬರೀಬೇಡಿ. ಆಮೇಲೆ ಮನಸ್ಸು ಬದಲಾಯಿಸಿ ತೆಗೀರಿ ಅಂದ್ರೆ ಯಾಕೆ ಅಂತ ಕೇಳದೆ ತೆಗೀಬೇಕು.

ಗೆರೆಚುಕ್ಕಿ

ಫೋನಿನ ಫೋಟೊದಲ್ಲಿ ತೆಗೆದ ಜಾಗದ ಮಾಹಿತಿಯೂ ಅಡಗಿರುತ್ತೆ, ಏರಿಸೋ ಮೊದಲು ಅಳಿಸಿ.

ನೋಂದಣಿಗೆ ಈಗಿನ ಗಾತ್ರದಲ್ಲಿ ಒಂದು ಗೂಗಲ್ ಫಾರಂ ಸಾಕು. ಉತ್ತರ ನೇರವಾಗಿ ಶೀಟಿಗೆ ಬರುತ್ತೆ, ಪಟ್ಟಿ ನಿಮ್ಮದೇ ಆಗಿರುತ್ತೆ. ಟ್ರಯಲ್ ಕ್ಲಾಸಿಗೆ ಸಮಯ ಕಾದಿರಿಸೋಕೆ ಸ್ಕ್ವೇರ್‌ಸ್ಪೇಸ್‌ನವರದೇ ಅಕ್ಯುಯಿಟಿ ಇದೆ, ವಿಕ್ಸ್‌ಗೂ ಅದರದೇ ಬುಕಿಂಗ್ ಇದೆ. ಮೈಂಡ್‌ಬಾಡಿ, ಜಾಕ್‌ರ‍್ಯಾಬಿಟ್ ಥರದ ತರಗತಿ ನಿರ್ವಹಣೆಯ ತಂತ್ರಾಂಶಗಳು ಹಾಜರಿ, ಕಾಯುವ ಪಟ್ಟಿ, ತಿಂಗಳ ಫೀಸ್ ಎಲ್ಲ ನಿಭಾಯಿಸುತ್ತವೆ. ಬ್ಯಾಚು, ಟೀಚರ್ ಎರಡೂ ಹೆಚ್ಚಾಗಿ ಪುಸ್ತಕದಲ್ಲಿ ಲೆಕ್ಕ ಇಡೋಕಾಗ್ತಿಲ್ಲ ಅನ್ನಿಸಿದಾಗ ಅವನ್ನ ನೋಡಿ, ಈಗ ಬೇಡ. ಯಾವುದನ್ನು ತೆಗೆದುಕೊಂಡರೂ ವಿದ್ಯಾರ್ಥಿಗಳ ಪಟ್ಟಿಯನ್ನ ಸಿಎಸ್‌ವಿ ಕಡತವಾಗಿ (ಯಾವ ಶೀಟಿನಲ್ಲೂ ತೆರೆಯೋ ಸಾದಾ ಪಟ್ಟಿ) ಇಳಿಸಿಕೊಳ್ಳೋಕೆ ಬರುತ್ತಾ ಅಂತ ದುಡ್ಡು ಕಟ್ಟೋ ಮೊದಲೇ ಪರೀಕ್ಷಿಸಿ.

ಫೀಸ್ ಆನ್‌ಲೈನ್ ಬೇಕಾದ್ರೆ ಆನ್‌ಲೈನ್ ಪಾವತಿ ನಿಭಾಯಿಸೋ ಪೇಮೆಂಟ್ ಗೇಟ್‌ವೇ ಸೇವೆಯ ಪುಟಕ್ಕೆ ಕಳಿಸಿ. ನಿಮ್ಮ ಸ್ವಂತ ಫಾರಂನಲ್ಲಿ ಯಾರ ಕಾರ್ಡ್ ನಂಬರನ್ನೂ ಕೇಳ್ಬೇಡಿ. ಆನ್‌ಲೈನ್ ಕ್ಲಾಸಿಗೆ ಬೇರೆ ದೇಶದಿಂದ ಸೇರೋರಿದ್ದರೆ ಸಮಯದ ಪಕ್ಕ ಯಾವ ದೇಶದ ಗಂಟೆ ಅಂತ ಬರೀರಿ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಯಿಸ್ತಾರೆ, ಆ ವಾರ ಅರ್ಧ ಕ್ಲಾಸ್ ತಪ್ಪಿಸ್ಕೊಳ್ತಾರೆ.

ಮೌನರಾಗ

ಗೂಗಲ್‌ನಲ್ಲಿ ಹುಡುಕಿದಾಗ ಸೈಟು ಕಾಣೋಕೆ ಬೇರೇನಾದ್ರೂ ಮಾಡಬೇಕಾ? ನಾನೂ ಒಂದು ಮಾಡೋಣ ಅಂತ ಯೋಚನೆ ಬಂದಿದೆ.

ತಂತಿಜಾಲ

ಎರಡು ಮೂರು ಕೆಲಸ ಸಾಕು. ಪ್ರತಿ ನೃತ್ಯಶೈಲಿಗೂ ಪ್ರತ್ಯೇಕ ಪುಟ ಕೊಡಿ, ದೊಡ್ಡವರ ಆರಂಭಿಕ ತರಗತಿಗೂ ಅದರದೇ ಪುಟ ಇರಲಿ. ಜನ ಹುಡುಕುವುದು ಶಾಲೆಯ ಹೆಸರಿನಿಂದಲ್ಲ, ಶೈಲಿ, ವಯಸ್ಸು, ಊರಿನ ಹೆಸರಿನಿಂದ. ಪ್ರದರ್ಶನದ ಪುಟಕ್ಕೆ ಸ್ಕೀಮಾ ಡಾಟ್ ಆರ್ಗ್‌ನ ಗುರುತು (ಪುಟದಲ್ಲಿ ಏನಿದೆ ಎಂದು ಯಂತ್ರಕ್ಕೆ ತಿಳಿಸುವ ಕೋಡು) ಹಾಕಿಸಿ, ಅದರಲ್ಲಿ ನೃತ್ಯ ಕಾರ್ಯಕ್ರಮಕ್ಕೆಂದೇ ಡ್ಯಾನ್ಸ್‌ಇವೆಂಟ್ ಎಂಬ ವಿಧ ಇದೆ. ದಿನಾಂಕ, ಜಾಗ ಹುಡುಕಾಟದ ಯಂತ್ರಕ್ಕೆ ಸ್ಪಷ್ಟವಾಗುತ್ತದೆ. ಗೂಗಲ್ ಈಗ ಸೈಟನ್ನು ಅಳೆಯುವುದು ಅದರ ಫೋನ್ ರೂಪ ನೋಡಿ. ಮೊದಲ ಪುಟದಲ್ಲೇ ಸ್ಥಾನ ಕೊಡಿಸುತ್ತೇವೆ ಎಂದು ಭರವಸೆ ಕೊಡುವವರಿಗೆ ದುಡ್ಡು ಕೊಡಬೇಡಿ. ಆ ಭರವಸೆ ಯಾರೂ ಕೊಡಲಾರರು.

ಹೆಜ್ಜೆನಾದ

ನಾನು ಸ್ಕ್ವೇರ್‌ಸ್ಪೇಸ್‌ನ ಉಚಿತ ಪ್ರಯೋಗದಲ್ಲಿ ವೇಳಾಪಟ್ಟಿ ಪುಟ, ಮೊದಲ ದಿನದ ಪುಟ ಮಾಡಿ ನೋಡಿದೆ. ನಮ್ಮ ಇನ್ನೊಬ್ಬ ಟೀಚರ್ ಕೈಲಿ ಫೋನ್ ಕೊಟ್ಟು ಒಂದು ಬ್ಯಾಚಿನ ಸಮಯ ಬದಲಾಯಿಸಿ ಅಂದೆ. ಯಾರನ್ನೂ ಕೇಳದೆ ಬದಲಾಯಿಸಿದ್ರು. ಹಾಗಾಗಿ ಅದನ್ನೇ ಇಟ್ಕೊಳ್ತೀನಿ. ಡೊಮೈನ್ ನನ್ನ ಹೆಸರಲ್ಲೇ ಬೇರೆ ಕಡೆ ಕೊಂಡಿದ್ದೀನಿ. ಆ ಡಿಸೈನರ್‌ಗೆ ಪೂರ್ತಿ ಸೈಟು ಬೇಡ, ಲೋಗೊ, ಬಣ್ಣ, ಅಕ್ಷರಶೈಲಿ ಮಾತ್ರ ಮಾಡಿಕೊಡಿ ಅಂತ ಕೇಳಲಾ?

ರಂಗದಾಚೆ

ಖಂಡಿತ ಕೇಳಿ, ಡಿಸೈನರ್ ಕಣ್ಣಿನಿಂದ ಸೈಟಿಗೆ ಬರುವ ಕಳೆಯೇ ಬೇರೆ. ಒಪ್ಪಂದ ಬರಹದಲ್ಲಿರಲಿ: ಲೋಗೊದ ಮೂಲ ಕಡತ ನಿಮಗೆ ಸೇರಬೇಕು, ಅಚ್ಚಿಗೂ ಸೈಟಿಗೂ ಬಳಸುವ ಹಕ್ಕು ನಿಮ್ಮದಾಗಬೇಕು, ಅಕ್ಷರಶೈಲಿಗೆ ಪರವಾನಗಿ ಬೇಕಾದರೆ ಅದು ನಿಮ್ಮ ಹೆಸರಲ್ಲೇ ಇರಬೇಕು. ಎಷ್ಟು ಸಲ ತಿದ್ದುಪಡಿ ಮಾಡಿಕೊಡುತ್ತಾರೆ ಅಂತಲೂ ಬರೆಸಿಕೊಳ್ಳಿ.

ಹೆಜ್ಜೆನಾದ

ಆಗಲಿ. ಇನ್ನೊಂದೇ ಸಂದೇಹ. ಸೈಟಿನ ಸಂಪರ್ಕ ಫಾರಂ ಪರೀಕ್ಷೆ ಮಾಡಿದ್ರೆ ಮೇಲ್ ಸ್ಪ್ಯಾಮ್‌ಗೆ ಹೋಗ್ತಿದೆ. ನಾನು ಕಳಿಸೋ ಉತ್ತರವೂ ಕೆಲವರಿಗೆ ಸ್ಪ್ಯಾಮ್‌ನಲ್ಲಿ ಸಿಕ್ಕಿದೆ.

ತಂತಿಜಾಲ

ಡೊಮೈನ್ ಹೆಸರಲ್ಲೇ ಇಮೇಲ್ ಮಾಡಿಕೊಂಡಿದ್ದರೆ, ಡೊಮೈನ್ ಕೊಂಡ ಕಡೆಯ ಡಿಎನ್‌ಎಸ್ (ಡೊಮೈನಿನ ಸೆಟ್ಟಿಂಗು) ಪುಟದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆ ಸೇರಿಸಬೇಕು. ಈ ಮೇಲ್ ನಿಜವಾಗಿಯೂ ನಿಮ್ಮಿಂದಲೇ ಬಂದದ್ದು ಎಂದು ಅವು ಸಾಕ್ಷಿ ಹೇಳುತ್ತವೆ. ಏನು ಬರೆಯಬೇಕು ಅಂತ ಇಮೇಲ್ ಸೇವೆಯವರ ಸಹಾಯ ಪುಟದಲ್ಲೇ ಇರುತ್ತದೆ, ನಕಲು ಮಾಡಿ ಅಂಟಿಸಿದರಾಯಿತು. ಜಾರಿಗೆ ಬರಲು ಒಂದೆರಡು ದಿನ ಹಿಡಿಯಬಹುದು. ಆಮೇಲೆ ಜಿಮೇಲ್ ಒಂದು, ಬೇರೆ ಕಂಪನಿಯದು ಒಂದು, ಎರಡು ಖಾತೆಗಳಿಗೆ ಕಳಿಸಿ ನೋಡಿ. ಅಲ್ಲಿಯವರೆಗೆ ಫಾರಂ ಪಕ್ಕದಲ್ಲೇ ಒತ್ತಿದರೆ ಕರೆ ಹೋಗುವ ಫೋನ್ ನಂಬರ್, ವಾಟ್ಸಾಪ್ ಕೊಂಡಿ ಎರಡನ್ನೂ ಇಡಿ. ಫಾರಂ ಮೇಲ್ ಜೊತೆಗೆ ಗೂಗಲ್ ಶೀಟಿಗೂ ಬರುವಂತೆ ಸ್ಕ್ವೇರ್‌ಸ್ಪೇಸ್‌ನ ಫಾರಂ ಸೆಟ್ಟಿಂಗಿನಲ್ಲೇ ಜೋಡಿಸಬಹುದು, ಆಗ ಯಾವ ವಿಚಾರಣೆಯೂ ತಪ್ಪಿಹೋಗುವುದಿಲ್ಲ.